ಲೆನ್ಸ್ ಕೊಳ್ಳುವ ಮುನ್ನ ಮೂಲೆ ನೋಡು

ತಮ್ಮಾ,

ನೀನು 24 ಮಿಲಿಮೀಟರಿನ ಎಫ್ 1.4 ಲೆನ್ಸಿಗೆ ಹಣ ಕೂಡಿಡುತ್ತಿದ್ದೀ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಕೇಳಿ ಖುಷಿಯಾಯಿತು. ಗಣೇಶೋತ್ಸವದ ರಾತ್ರಿಗಳು, ಬೇಸಿಗೆಯಲ್ಲಿ ವೆಲ್ಹೆ ಕಡೆಯ ಕತ್ತಲಲ್ಲಿ ಆಕಾಶಗಂಗೆ, ರಜೆಗೆ ಊರಿಗೆ ಹೋದಾಗ ಬಾದಾಮಿಯ ಗುಹೆಗಳು, ಇವು ನಿನ್ನ ಮನಸ್ಸಿನಲ್ಲಿರುವ ಚಿತ್ರಗಳಾದರೆ ಅಗಲವಾದ ನೋಟವೂ ಬೇಕು, ಹೆಚ್ಚು ಬೆಳಕೂ ಬೇಕು. ಅದರಲ್ಲಿ ವಾದವಿಲ್ಲ. ಆದರೆ ದುಡ್ಡು ಎಣಿಸುವ ಮೊದಲು ಕಾಕಾನ ಒಂದು ಮಾತು ಕೇಳು. ಲೆನ್ಸಿನ ಮೇಲೆ ಬರೆದ ಆ ಅಂಕೆ ಎಷ್ಟು ಬೆಳಕು ಒಳಗೆ ಬರುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಬಂದ ಬೆಳಕು ಚಿತ್ರದ ಮೂಲೆ ಮುಟ್ಟುವಾಗ ಏನಾಗಿರುತ್ತದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ನೀನೇ ಕಣ್ಣಾರೆ ನೋಡಿ ತಿಳಿಯಬೇಕು. ಹಾಗೆ ನೋಡಲು ಬೇಕಾದದ್ದೆಲ್ಲ ಕೋಥರೂಡದಲ್ಲೇ ಇದೆ.

ಮೊದಲು ಲೆಕ್ಕ. ಎಫ್ 1.4ರಲ್ಲಿ ಸೆನ್ಸರಿಗೆ ಬೀಳುವ ಬೆಳಕು ಎಫ್ 2.8ರ ನಾಲ್ಕು ಪಟ್ಟು. 24 ಮಿ.ಮೀ. ಲೆನ್ಸಿನಲ್ಲಿ ಎಫ್ 1.4 ಎಂದರೆ ಬೆಳಕು ಒಳಬರುವ ಕಂಡಿ ಸುಮಾರು 17 ಮಿ.ಮೀ. ಅಗಲ. ಎಫ್ 2.8ಕ್ಕೆ ಇಳಿಸಿದರೆ ಅದು ಎಂಟೂವರೆ ಆಗುತ್ತದೆ. ತೊಂದರೆ ಎಲ್ಲ ಹೊರಸುತ್ತಿನ ಆ ಹೆಚ್ಚುವರಿ ಜಾಗದಿಂದ ಬರುವ ಕಿರಣಗಳದ್ದು. ನಡುವಿನಿಂದ ಬಂದ ಕಿರಣ ಗಾಜಿಗೆ ಹೆಚ್ಚುಕಡಿಮೆ ನೇರವಾಗಿ ತಾಗಿ ಸೇರಬೇಕಾದ ಜಾಗಕ್ಕೆ ಸೇರುತ್ತದೆ. ಅಂಚಿನಿಂದ ಬಂದದ್ದು ಗಾಜಿನ ಉಬ್ಬಿಗೆ ಓರೆಯಾಗಿ ತಾಗಿ ಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತದೆ. ಉಜ್ಜಿ ಮಾಡುವ ಗಾಜಿನ ಮೇಲ್ಮೈ ಗೋಳದ ತುಣುಕಾಗಿರುವುದರಿಂದ ಇದು ತಪ್ಪಿದ್ದಲ್ಲ. ಒಂದೇ ಚುಕ್ಕೆಯಿಂದ ಹೊರಟ ಬೆಳಕು ಒಂದೇ ಚುಕ್ಕೆಗೆ ಮರಳಿ ಸೇರುವುದಿಲ್ಲ.

ಜರ್ಮನಿಯ ಲುಡ್ವಿಗ್ ಫಾನ್ ಸೈಡಲ್ 1850ರ ದಶಕದಲ್ಲೇ ಈ ದೋಷಗಳನ್ನು ಗಣಿತದಲ್ಲಿ ಬಿಡಿಸಿ ಐದಾಗಿ ವಿಂಗಡಿಸಿದ: ಸ್ಫೆರಿಕಲ್ ಅಬರೇಷನ್, ಕೋಮಾ, ಅಸ್ಟಿಗ್ಮ್ಯಾಟಿಸಂ, ಫೀಲ್ಡ್ ಕರ್ವೇಚರ್, ಡಿಸ್ಟಾರ್ಷನ್. ಹೆಸರು ಬಾಯಿಪಾಠ ಮಾಡಬೇಕಿಲ್ಲ. ಆದರೆ ಒಂದೊಂದೂ ಹೇಗೆ ಬೆಳೆಯುತ್ತದೆ, ಹೇಗೆ ಇಳಿಯುತ್ತದೆ ಎಂಬುದು ತಲೆಯಲ್ಲಿರಲಿ. ಕಂಡಿಯ ಅಗಲವನ್ನು ಅರ್ಧಕ್ಕೆ ಇಳಿಸು, ಅಂದರೆ ಎಫ್ 1.4ರಿಂದ 2.8ಕ್ಕೆ ಬಾ. ಸ್ಫೆರಿಕಲ್ ಅಬರೇಷನ್ನಿನ ಮಸುಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಕೋಮಾ ನಾಲ್ಕನೇ ಒಂದಕ್ಕೆ. ಅಸ್ಟಿಗ್ಮ್ಯಾಟಿಸಂ ಮತ್ತು ಫೀಲ್ಡ್ ಕರ್ವೇಚರ್ ಬರೀ ಅರ್ಧಕ್ಕೆ. ಡಿಸ್ಟಾರ್ಷನ್ ಒಂದು ಕೂದಲೆಳೆಯಷ್ಟೂ ಕದಲುವುದಿಲ್ಲ. ಇನ್ನು ಚಿತ್ರದ ನಡುವಿನಿಂದ ಮೂಲೆಯ ಕಡೆಗೆ ಹೋಗುವಾಗ ಲೆಕ್ಕ ತಿರುಗಾಮುರುಗಾ. ಸ್ಫೆರಿಕಲ್ ಅಬರೇಷನ್ ಎಲ್ಲೆಡೆ ಒಂದೇ ಸಮ, ಕೋಮಾ ದೂರದಷ್ಟೇ ಬೆಳೆಯುತ್ತದೆ, ಅಸ್ಟಿಗ್ಮ್ಯಾಟಿಸಂ ದೂರದ ವರ್ಗದಷ್ಟು, ಡಿಸ್ಟಾರ್ಷನ್ ಘನದಷ್ಟು. ನಿಜವಾದ ಲೆನ್ಸಿನಲ್ಲಿ ಇವುಗಳ ಮೇಲೆ ಇನ್ನೂ ಸೂಕ್ಷ್ಮವಾದ ದೋಷಗಳು ಕೂಡಿಕೊಳ್ಳುತ್ತವೆ, ಆದರೂ ಈ ಲೆಕ್ಕ ದಾರಿ ತಪ್ಪಿಸುವುದಿಲ್ಲ. ಹೆಚ್ಚು ಬೆಳಕು ಬಿಡುವ ಫಾಸ್ಟ್ ಲೆನ್ಸನ್ನು ಕಾಡುವ ದೋಷ ಬೇರೆ, ಅಗಲ ನೋಟದ ವೈಡ್ ಲೆನ್ಸನ್ನು ಕಾಡುವ ದೋಷ ಬೇರೆ. ನೀನು ಕೊಳ್ಳಹೊರಟಿರುವುದು ಎರಡೂ ಆಗಿರುವ ಲೆನ್ಸು.

ವೈಡ್ ಲೆನ್ಸಿಗೆ ಇನ್ನೊಂದು ಹಳೆಯ ಸಂಕಟವಿತ್ತು. ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಕನ್ನಡಿ ಏಳುತ್ತದಲ್ಲ, ಅದಕ್ಕೆ ಜಾಗ ಬಿಡಬೇಕು. ಕ್ಯಾನನ್ ಇಎಫ್ ಮೌಂಟಿನಿಂದ ಫಿಲ್ಮಿಗೆ 44 ಮಿ.ಮೀ., ನಿಕಾನ್ ಎಫ್ ಮೌಂಟಿನಿಂದ 46.5 ಮಿ.ಮೀ. 24 ಮಿ.ಮೀ. ಫೋಕಲ್ ಲೆಂತಿನ ಲೆನ್ಸನ್ನು ಅಷ್ಟು ದೂರ ನಿಲ್ಲಿಸುವುದು ಹೇಗೆ? ಮುಂದೆ ದೊಡ್ಡ ತಗ್ಗು ಗಾಜನ್ನಿಟ್ಟು ಬೆಳಕನ್ನು ಮೊದಲು ಹರಡಿಸಿ, ಆಮೇಲೆ ಹಿಂದಿನ ಗಾಜುಗಳಿಂದ ಕೂಡಿಸಬೇಕು. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ 35 ಮಿ.ಮೀ. ಎಫ್ 2.5 ಲೆನ್ಸನ್ನು ಹೀಗೆ ಮಾಡಿ ರೆಟ್ರೋಫೋಕಸ್ ಎಂದು ಕರೆದ. ಜಾಗದ ಸಮಸ್ಯೆ ಬಗೆಹರಿಯಿತು, ಆದರೆ ಮುಂದೆ ಹಿಂದೆ ಸರಿಸಮ ಇರುವ ಲೆನ್ಸಿನಲ್ಲಿ ಕೋಮಾ, ಡಿಸ್ಟಾರ್ಷನ್, ಅಂಚಿನ ಬಣ್ಣ ಇವು ತಮ್ಮಷ್ಟಕ್ಕೆ ಒಂದನ್ನೊಂದು ಅಳಿಸಿಕೊಳ್ಳುವ ಅನುಕೂಲ ಕೈತಪ್ಪಿತು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಆ ದೂರ ನಿಕಾನ್ ಝಡ್‌ಗೆ 16, ಸೋನಿ ಇ ಮೌಂಟಿಗೆ 18, ಕ್ಯಾನನ್ ಆರ್‌ಎಫ್‌ಗೆ 20 ಮಿ.ಮೀ. ವಿನ್ಯಾಸಕಾರನಿಗೆ ಕೈಯಾಡಿಸಲು ಜಾಗ ಸಿಕ್ಕಿದೆ. ಇತ್ತೀಚಿನ ವೈಡ್ ಲೆನ್ಸುಗಳು ಹತ್ತು ವರ್ಷ ಹಿಂದಿನವಕ್ಕಿಂತ ಮೂಲೆಯಲ್ಲಿ ನಿಜಕ್ಕೂ ಮೇಲಾಗಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಇದ್ದರೆ ಈ ವಯಸ್ಸಿನ ವ್ಯತ್ಯಾಸ ಗಮನದಲ್ಲಿರಲಿ.

ಈಗ ಕೆಲಸದ ಮಾತಿಗೆ ಬರೋಣ. ಲೆನ್ಸನ್ನು ಕೊಳ್ಳುವ ಮೊದಲು ಒಂದೆರಡು ದಿನ ಬಾಡಿಗೆಗೆ ತಗೋ. ಪುಣೆಯಲ್ಲಿ ಸಿಗುತ್ತದೆ. ಸಂಜೆ ಬೆಳಕಿರುವಾಗಲೇ ವೇತಾಳ ಟೇಕಡಿ ಹತ್ತು. ಒಬ್ಬನೇ ಹೋಗಬೇಡ, ಜೊತೆಗೆ ಒಬ್ಬ ಗೆಳೆಯನಿರಲಿ, ಹೊತ್ತು ಮಾಡದೆ ಇಳಿದುಬಿಡಿ. ಎಆರ್‌ಎಐ ಸಂಸ್ಥೆಯ ಕಡೆಯ ದಂಡೆಯಿಂದ ಕೋಥರೂಡ ಇಡೀ ಕಾಣುತ್ತದೆ. ಪೌಡ್ ರಸ್ತೆ, ಅದರ ಮೇಲಿನ ಮೆಟ್ರೊ ಸಾಲು, ವನಾಜ್ ಕಡೆಯ ದೀಪಗಳು. ದೀಪ ಹತ್ತುವ ಹೊತ್ತು ನಿನಗೆ ಬೇಕಾದದ್ದು. ಯಾಕೆ ಅಷ್ಟು ದೂರ ಅನ್ನುತ್ತೀಯಾ? ಎರಡು ಕಿಲೋಮೀಟರ್ ಆಚೆಯ ಅರ್ಧ ಮೀಟರಿನ ಬೀದಿದೀಪ 24 ಮಿ.ಮೀ. ಲೆನ್ಸಿನಲ್ಲಿ ಸೆನ್ಸರಿನ ಮೇಲೆ ಬರೀ 6 ಮೈಕ್ರಾನ್ ಅಗಲ ಮೂಡುತ್ತದೆ. 24 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಅದು ಒಂದು ಪಿಕ್ಸೆಲ್. ಅಂದರೆ ಅದು ನಕ್ಷತ್ರಕ್ಕೆ ಸಮ. ಅದೇ ದೀಪವನ್ನು ನಿಮ್ಮ ಸೊಸೈಟಿಯ ಗಚ್ಚಿಯಿಂದ ನೂರು ಮೀಟರ್ ದೂರದಲ್ಲಿ ತೆಗೆದರೆ ಇಪ್ಪತ್ತು ಪಿಕ್ಸೆಲ್ ಅಗಲ ಬರುತ್ತದೆ, ಅದರಿಂದ ಲೆನ್ಸಿನ ಗುಣ ತಿಳಿಯುವುದಿಲ್ಲ. ಮೇಲಾಗಿ ನಕ್ಷತ್ರ ಸರಿಯುತ್ತದೆ, ಬೀದಿದೀಪ ನಿಂತಲ್ಲೇ ನಿಂತಿರುತ್ತದೆ.

ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕು. ರಾ ಫೈಲ್, ಐಎಸ್‌ಒ 100, ಕ್ಯಾಮೆರಾದೊಳಗಿನ ಲೆನ್ಸ್ ಕರೆಕ್ಷನ್ ಎಲ್ಲ ಬಂದ್. ಒಂಟಿಯಾಗಿ ಉರಿಯುವ ಒಂದು ದೀಪವನ್ನು ಆರಿಸಿಕೊಂಡು ಚಿತ್ರದ ನಡುವಿಗೆ ತಂದು, ತೆರೆಯಲ್ಲಿ ಹಿಗ್ಗಿಸಿ ಕೈಯಿಂದ ಫೋಕಸ್ ಮಾಡು. ಆಮೇಲೆ ಫೋಕಸ್ ರಿಂಗ್ ಮುಟ್ಟಬೇಡ. ಅದೇ ದೀಪ ಒಂದೊಂದಾಗಿ ನಾಲ್ಕೂ ಮೂಲೆಗೆ ಬರುವ ಹಾಗೆ ಟ್ರೈಪಾಡಿನ ತಲೆ ತಿರುಗಿಸುತ್ತಾ ಚಿತ್ರ ತೆಗೆ. ಎಫ್ 1.4, 2, 2.8, 4. ಪ್ರತಿಯೊಂದನ್ನೂ ಎರಡು ಎಕ್ಸ್‌ಪೋಷರಿನಲ್ಲಿ ತೆಗೆ: ಒಂದು ಚಿಕ್ಕದು, ದೀಪದ ತಿರುಳು ಕಾಣಲಿಕ್ಕೆ; ಒಂದು ದೊಡ್ಡದು, ಸುತ್ತ ಚೆಲ್ಲಿದ ಮಂದ ಬೆಳಕು ಕಾಣಲಿಕ್ಕೆ. ದೊಡ್ಡದನ್ನಷ್ಟೇ ನೋಡಿದರೆ ಒಳ್ಳೆಯ ಲೆನ್ಸೂ ಕೆಟ್ಟದಾಗಿ ಕಾಣುತ್ತದೆ, ಚಿಕ್ಕದನ್ನಷ್ಟೇ ನೋಡಿದರೆ ಕೆಟ್ಟ ಲೆನ್ಸೂ ಪಾರಾಗಿಬಿಡುತ್ತದೆ.

ಮನೆಗೆ ಬಂದು ಮೂಲೆಯನ್ನು ಹಿಗ್ಗಿಸಿ ನೋಡು. ನಡುವಿನಲ್ಲಿ ಚುಕ್ಕೆಯಾಗಿದ್ದ ದೀಪ ಎಫ್ 1.4ರ ಮೂಲೆಯಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯಂತಾಗಿರುತ್ತದೆ. ರೆಕ್ಕೆಗಳು ಯಾವ ದಿಕ್ಕಿಗಿವೆ ನೋಡು. ಚಿತ್ರದ ನಡುವಿನಿಂದ ಮೂಲೆಗೆ ಒಂದು ಗೆರೆ ಎಳೆದರೆ ಆ ಗೆರೆಗೆ ಅಡ್ಡಲಾಗಿ ಎರಡೂ ಕಡೆ ಚಾಚಿದ್ದರೆ ಅದು ಸ್ಯಾಜಿಟಲ್ ಕೋಮಾ, ಫಾಸ್ಟ್ ವೈಡ್ ಲೆನ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ. ಆ ಗೆರೆಯ ಗುಂಟವೇ ಒಂದು ಕಡೆ ಬಾಲ ಹೊರಟಿದ್ದರೆ ಅದು ಪುಸ್ತಕಗಳಲ್ಲಿ ತೋರಿಸುವ ಕೋಮಾದ ರೂಪ. ಮೂಲೆಯಲ್ಲಿ ಬರೀ ಮಸುಕು ಮುದ್ದೆ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬೇಕು. ದೀಪವನ್ನು ಮೂಲೆಯಲ್ಲೇ ಇಟ್ಟು ಅಲ್ಲಿಗೇ ಫೋಕಸ್ ತಿರುಗಿಸು. ಅದು ಚೊಕ್ಕಟವಾಗಿ ಚುಕ್ಕೆಯಾದರೆ ದೋಷ ಫೀಲ್ಡ್ ಕರ್ವೇಚರಿನದು: ಲೆನ್ಸು ಚೂಪಾದ ಚಿತ್ರವನ್ನೇ ಮೂಡಿಸುತ್ತಿದೆ, ಆದರೆ ಅದು ಬಾಗಿದ ತಳದ ಮೇಲೆ ಮೂಡುತ್ತಿದೆ, ನಿನ್ನ ಸೆನ್ಸರ್ ಚಪ್ಪಟೆ. ಫೋಕಸ್ ತಿರುಗಿಸಿದಂತೆ ಮೊದಲು ಮೂಲೆಯ ಕಡೆ ಚಾಚಿದ ಗೆರೆ, ಸ್ವಲ್ಪ ಮುಂದೆ ಹೋದರೆ ಅದಕ್ಕೆ ಅಡ್ಡ ಗೆರೆ, ಹೀಗೆ ದಿಕ್ಕು ಬದಲಾಯಿಸುತ್ತಾ ಹೋಗಿ ಎಲ್ಲೂ ಚುಕ್ಕೆಯಾಗದಿದ್ದರೆ ಅಸ್ಟಿಗ್ಮ್ಯಾಟಿಸಂ. ಏನು ಮಾಡಿದರೂ ರೆಕ್ಕೆ ರೆಕ್ಕೆಯಾಗಿಯೇ ಉಳಿದರೆ ಕೋಮಾ. ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಬಂದರೆ ಸಾಕು, ಅಂಗಡಿಯವನು ಏನು ಹೇಳಿದರೂ ನೀನು ಗಾಬರಿಯಾಗಬೇಕಿಲ್ಲ.

ನಾಲ್ಕೂ ಮೂಲೆಯಲ್ಲಿ ತೆಗೆ ಅಂದದ್ದಕ್ಕೆ ಬೇರೆಯೇ ಕಾರಣವಿದೆ. ನಾಲ್ಕೂ ಒಂದೇ ರೀತಿ ಕೆಟ್ಟಿದ್ದರೆ ಅದು ಲೆನ್ಸಿನ ವಿನ್ಯಾಸ. ಮೂರು ಚೆನ್ನಾಗಿದ್ದು ಒಂದೇ ಮೂಲೆ ಹಾಳಾಗಿದ್ದರೆ ಒಳಗಿನ ಯಾವುದೋ ಗಾಜು ನಡುಗೆರೆ ಬಿಟ್ಟು ಸರಿದಿದೆ ಅಥವಾ ಓರೆ ಕೂತಿದೆ. ಅಂಥ ಲೆನ್ಸನ್ನು ವಾಪಸ್ ಕೊಟ್ಟು ಬೇರೆಯದನ್ನು ಕೇಳು. ಫಾಸ್ಟ್ ಲೆನ್ಸುಗಳಲ್ಲಿ ಇಷ್ಟು ಚಿಕ್ಕ ಓರೆ ಕೂಡ ಎದ್ದು ಕಾಣುತ್ತದೆ. ಯೂಟ್ಯೂಬಿನವರು ಹೊಗಳಿದ್ದು ಅವರ ಕೈಗೆ ಬಂದ ಲೆನ್ಸನ್ನು. ನಿನ್ನ ಕೈಗೆ ಬರುವುದು ಇನ್ನೊಂದು. ಹಾಗಾಗಿ ಬಾಡಿಗೆ ಲೆನ್ಸಿನಲ್ಲಿ ಮಾಡಿದ ಪರೀಕ್ಷೆಯನ್ನು ಕೊಂಡ ಲೆನ್ಸಿನಲ್ಲಿ ಮೊದಲ ವಾರವೇ ಮತ್ತೊಮ್ಮೆ ಮಾಡಬೇಕು, ಬದಲಿಸಿಕೊಡುವ ಅವಧಿ ಮುಗಿಯುವ ಮೊದಲು.

ದೀಪದ ಸುತ್ತ ನೇರಳೆ ಬಣ್ಣ ಕಂಡರೆ ಗಾಬರಿ ಬೇಡ, ಆದರೆ ಯಾವ ತರಹದ್ದು ಎಂದು ನೋಡು. ಈಗಿನ ಬಿಳಿ ಎಲ್‌ಇಡಿ ದೀಪದೊಳಗೆ ಇರುವುದು ನೀಲಿ ಎಲ್‌ಇಡಿ, ಅದರ ಮೇಲೆ ಬಣ್ಣ ಬದಲಿಸುವ ಲೇಪ. ಹಾಗಾಗಿ ಅದರ ಬೆಳಕಿನಲ್ಲಿ ನೀಲಿ ಜೋರು. ಹಳೆಯ ಹಳದಿ ಸೋಡಿಯಂ ದೀಪದಲ್ಲಿ ನೀಲಿ ಕಡಿಮೆಯಿದ್ದುದರಿಂದ ಆಗ ಲೆನ್ಸಿನ ಈ ದೋಷ ಮುಚ್ಚಿಹೋಗುತ್ತಿತ್ತು. ನಡುವಿನ ದೀಪದ ಸುತ್ತಲೂ ನೇರಳೆ ಇದ್ದು, ಫೋಕಸಿನ ಹಿಂದಿನ ವಸ್ತುಗಳಲ್ಲಿ ಹಸಿರು ಅಂಚು ಕಂಡರೆ ಅದು ಬಣ್ಣಬಣ್ಣದ ಬೆಳಕು ಬೇರೆಬೇರೆ ದೂರದಲ್ಲಿ ಕೂಡುತ್ತಿರುವುದು. ಎಫ್ 2.8ರ ಹೊತ್ತಿಗೆ ಬಹಳ ಮಟ್ಟಿಗೆ ಇಳಿಯುತ್ತದೆ. ಮೂಲೆಯಲ್ಲಿ ಮಾತ್ರ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಇದ್ದರೆ ಅದು ಎಷ್ಟು ಕಿರಿದು ಮಾಡಿದರೂ ಹೋಗುವುದಿಲ್ಲ, ಆದರೆ ಲೈಟ್‌ರೂಮಿನಲ್ಲಿ ಒಂದು ಕ್ಲಿಕ್ಕಿಗೆ ಹೋಗುತ್ತದೆ. ಡಿಸ್ಟಾರ್ಷನ್ನೂ ಸಾಫ್ಟ್‌ವೇರಿನಲ್ಲಿ ನೆಟ್ಟಗಾಗುತ್ತದೆ. ಬಾದಾಮಿಯ ಕಂಬಸಾಲು ತೆಗೆಯುವವನಿಗೆ ಅದು ಮುಖ್ಯ. ಹಾಗಂತ ಎಲ್ಲ ಲೆನ್ಸಿನ ಬಾಗೂ ಒಂದೇ ತರಹ ಇರುವುದಿಲ್ಲ. ಕೆಲವು ಅಗ್ಗದ 14 ಮಿ.ಮೀ. ಲೆನ್ಸುಗಳಲ್ಲಿ ಗೆರೆ ನಡುವೆ ಹೊರಕ್ಕೆ ಉಬ್ಬಿ, ಆಮೇಲೆ ಒಳಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಹೊರಕ್ಕೆ ತಿರುಗುತ್ತದೆ, ಆ ಲೆನ್ಸಿಗೆಂದೇ ಮಾಡಿದ ಪ್ರೊಫೈಲ್ ಇಲ್ಲದೆ ಅದು ನೆಟ್ಟಗಾಗುವುದಿಲ್ಲ. ಮೂಲೆಯ ಕತ್ತಲೆಯನ್ನೂ ಸಾಫ್ಟ್‌ವೇರ್ ಬೆಳಗಿಸುತ್ತದೆ, ಜೊತೆಗೆ ಅಲ್ಲಿನ ನಾಯ್ಸನ್ನೂ ಎಬ್ಬಿಸುತ್ತದೆ.

ಯಾವ ಸಾಫ್ಟ್‌ವೇರೂ ಸರಿಯಾಗಿ ಬಿಡಿಸಲಾರದ್ದು ಕೋಮಾ ಮತ್ತು ಅಸ್ಟಿಗ್ಮ್ಯಾಟಿಸಂ. ಒಂದು ನಕ್ಷತ್ರದ ಬೆಳಕು ಇಪ್ಪತ್ತು ಪಿಕ್ಸೆಲಿಗೆ ಚೆಲ್ಲಿಹೋದ ಮೇಲೆ ಅದನ್ನು ಮತ್ತೆ ಒಟ್ಟುಗೂಡಿಸುವುದು ಕಷ್ಟ. ಆದ್ದರಿಂದ ದುಡ್ಡು ಕೊಡುವುದಿದ್ದರೆ ಇವೆರಡು ಕಡಿಮೆ ಇರುವ ಲೆನ್ಸಿಗೆ ಕೊಡು. ನಿಕಾನ್ 1977ರಲ್ಲಿ ತಂದ 58 ಮಿ.ಮೀ. ಎಫ್ 1.2 ನಾಕ್ಟ್ ಲೆನ್ಸ್ ಹುಟ್ಟಿದ್ದೇ ಇದಕ್ಕಾಗಿ. ರಾತ್ರಿಯ ದೀಪಗಳ ರೆಕ್ಕೆ ಕತ್ತರಿಸಲು ಅದರ ಮುಂದಿನ ಗಾಜನ್ನು ಗೋಳಾಕಾರ ತಪ್ಪಿಸಿ ಕೈಯಿಂದ ಪಾಲಿಷ್ ಮಾಡುತ್ತಿದ್ದರು. ಈಗ ಅಂಥ ಆಸ್ಫೆರಿಕಲ್ ಗಾಜನ್ನು ಅಚ್ಚಿನಲ್ಲಿ ಒತ್ತಿ ತೆಗೆಯುತ್ತಾರೆ, ಅದರಿಂದಲೇ ನಮ್ಮಂಥವರ ಕೈಗೆಟುಕುತ್ತಿದೆ.

ಆಕಾಶದ ಚಿತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿನ್ನ ಆಸೆ ಅದರ ಮೇಲೇ ಹೆಚ್ಚು ಅಂತ ಗೊತ್ತು. ಐನೂರನ್ನು ಫೋಕಲ್ ಲೆಂತಿನಿಂದ ಭಾಗಿಸಿ ಬಂದಷ್ಟು ಸೆಕೆಂಡ್ ತೆರೆದಿಡು ಎಂಬ ಹಳೆಯ ಲೆಕ್ಕ ಕೇಳಿರುತ್ತೀ. 24 ಮಿ.ಮೀ.ಗೆ ಸುಮಾರು 20 ಸೆಕೆಂಡ್ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಭೂಮಿ ತಿರುಗಿ, ಆಕಾಶದ ಸಮಭಾಜಕದ ಬಳಿಯ ನಕ್ಷತ್ರ ನಿನ್ನ ಸೆನ್ಸರಿನ ಮೇಲೆ ಆರು ಪಿಕ್ಸೆಲಿನಷ್ಟು ಸರಿದಿರುತ್ತದೆ. ಅದನ್ನು ನೋಡಿ ಲೆನ್ಸನ್ನು ಬೈಯುವವರಿದ್ದಾರೆ. ಸರಿದ ನಕ್ಷತ್ರಗಳು ಅಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಚಾಚಿರುತ್ತವೆ. ಕೋಮಾದ ರೆಕ್ಕೆಗಳು ಒಂದೊಂದು ಮೂಲೆಯಲ್ಲಿ ಒಂದೊಂದು ದಿಕ್ಕಿಗೆ, ನಡುವಿನ ಸುತ್ತ ಜೋಡಿಸಿದಂತೆ ಇರುತ್ತವೆ. ನೀನು 10 ಸೆಕೆಂಡಿಗಿಂತ ಮೇಲೆ ಹೋಗಬೇಡ, ಹತ್ತಾರು ಚಿತ್ರ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸು.

ಎಫ್ 2ಕ್ಕೆ ಇಳಿಸಿದರೆ ಅರ್ಧ ಬೆಳಕು ಹೋಯಿತಲ್ಲ ಎಂದು ಕೊರಗಬೇಡ. ಚುಕ್ಕೆಯಾಗಿರುವ ನಕ್ಷತ್ರದ ಮಟ್ಟಿಗೆ ಲೆಕ್ಕ ಹಾಕಬೇಕಾದದ್ದು ಕಂಡಿಯ ಅಗಲವನ್ನು. 24 ಮಿ.ಮೀ. ಎಫ್ 2ರಲ್ಲಿ 12 ಮಿ.ಮೀ. ಕಂಡಿ ಇರುತ್ತದೆ. 20 ಮಿ.ಮೀ. ಎಫ್ 1.8 ಲೆನ್ಸನ್ನು ಪೂರ್ತಿ ತೆರೆದರೂ ಅದು 11. 14 ಮಿ.ಮೀ. ಎಫ್ 1.8ಕ್ಕೆ ಎಂಟೂ ಇಲ್ಲ. ಎಫ್ 1.4ರ ಮೂಲೆಯಲ್ಲಿ ಚೆಲ್ಲಿಹೋಗುವ ಬೆಳಕಿನಿಂದ ಮಂದ ನಕ್ಷತ್ರಗಳು ಕಾಣದೆಯೇ ಹೋಗುತ್ತವೆ. ಎಫ್ 2ರಲ್ಲಿ ಕಡಿಮೆ ಬೆಳಕಾದರೂ ಬಂದದ್ದು ಒಂದೆಡೆ ನಿಲ್ಲುವುದರಿಂದ ಮೂಲೆಯಲ್ಲಿ ಹೆಚ್ಚು ನಕ್ಷತ್ರ ಸಿಗಬಹುದು. ಇನ್ನೊಂದು ಉಪಾಯ: ಫೋಕಸನ್ನು ನಟ್ಟನಡುವಿನ ನಕ್ಷತ್ರಕ್ಕೆ ಮಾಡದೆ, ನಡುವಿನಿಂದ ಮೂಲೆಯ ಕಡೆಗೆ ಮೂರನೇ ಒಂದು ಭಾಗ ದೂರದಲ್ಲಿರುವ ನಕ್ಷತ್ರಕ್ಕೆ ಮಾಡು. ಫೀಲ್ಡ್ ಕರ್ವೇಚರ್ ಇರುವ ಲೆನ್ಸಿನಲ್ಲಿ ನಡುವಿಗೆ ಸ್ವಲ್ಪ ನಷ್ಟವಾದರೂ ಇಡೀ ಚಿತ್ರಕ್ಕೆ ಲಾಭ.

ಖಗೋಳದವರು ಇದೇ ತೊಂದರೆಯನ್ನು ಬೇರೆ ದಾರಿಯಿಂದ ಬಿಡಿಸಿದರು, ಅದು ನಿನಗೆ ತಿಳಿದಿರಬೇಕು. ಬರ್ನ್‌ಹಾರ್ಡ್ ಶ್ಮಿಟ್ ಎಂಬಾತ ಚಿಕ್ಕಂದಿನಲ್ಲೇ ಬಲಗೈ ಕಳೆದುಕೊಂಡವನು, ಉಳಿದ ಒಂದೇ ಕೈಯಲ್ಲಿ ಕನ್ನಡಿ ಉಜ್ಜಿ ಜೀವನ ಮಾಡಿದವನು. 1930ರಲ್ಲಿ ಹ್ಯಾಂಬರ್ಗ್ ವೀಕ್ಷಣಾಲಯದಲ್ಲಿ ಅವನು ಗೋಳಾಕಾರದ ಕನ್ನಡಿಯನ್ನೇ ಇಟ್ಟುಕೊಂಡು ಬೆಳಕಿನ ಕಂಡಿಯನ್ನು ಆ ಗೋಳದ ಕೇಂದ್ರದಲ್ಲಿ ಇರಿಸಿದ. ಯಾವ ದಿಕ್ಕಿನಿಂದ ಬಂದ ಬೆಳಕಿಗೂ ಕನ್ನಡಿ ಒಂದೇ ಸಮ ಕಾಣುವಂತಾಗಿ ಕೋಮಾ, ಅಸ್ಟಿಗ್ಮ್ಯಾಟಿಸಂ ಎರಡೂ ಹೋದವು. ಉಳಿದ ಸ್ಫೆರಿಕಲ್ ಅಬರೇಷನ್ನನ್ನು ಕಂಡಿಯಲ್ಲಿಟ್ಟ ತೆಳುವಾದ ಗಾಜಿನ ಫಲಕ ನುಂಗಿತು. ಚಿತ್ರ ಬಾಗಿದ ತಳದಲ್ಲಿ ಮೂಡುವುದು ತಪ್ಪಲಿಲ್ಲ, ಅದಕ್ಕೆ ಫಿಲ್ಮನ್ನೇ ಬಾಗಿಸಿಟ್ಟ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕಾವಲೂರಿನ ವೀಕ್ಷಣಾಲಯದಲ್ಲೂ ಒಂದು ಶ್ಮಿಟ್ ದೂರದರ್ಶಕವಿದೆ. ರಾಮಾನುಜನ್ ಹೆಸರಿಟ್ಟ ಕ್ಷುದ್ರಗ್ರಹವನ್ನು 1988ರಲ್ಲಿ ಆರ್. ರಾಜಮೋಹನ್ ಕಂಡುಹಿಡಿದದ್ದು ಅದರಿಂದಲೇ. ನೀನು ಕೊಳ್ಳುವ ಲೆನ್ಸು ಆ ವಂಶಕ್ಕೆ ಸೇರಿದ್ದಲ್ಲ, ಆದರೆ ಕೆಲಸ ಅದೇ: ಅಗಲವಾದ ಆಕಾಶ, ಬೇಗ, ಮೂಲೆಯವರೆಗೂ ಚುಕ್ಕೆಯಾಗಿ. ಆಸಕ್ತಿ ಬೆಳೆದರೆ ತಿಳಕ ರಸ್ತೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆಗೆ ಹೋಗಿ ಬಾ. 1944ರಿಂದ ನಡೆದುಬಂದ ಹವ್ಯಾಸಿಗಳ ಸಂಸ್ಥೆ ಅದು. ಮೂಲೆಯ ನಕ್ಷತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು ಅಂಥಲ್ಲಿ ಸಿಗುತ್ತಾರೆ.

ಜನರ ಚಿತ್ರಕ್ಕೆ ಬೇರೆ ಎಚ್ಚರ ಬೇಕು. ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕ್ಯಾಮೆರಾ ಹಿಡಿದು ಬಾ ಅಂತ ನಿನ್ನನ್ನು ಕರೆದೇ ಕರೆಯುತ್ತಾರೆ, ಕೊನೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಗ್ರೂಪ್ ಫೋಟೋ ಆಗಲೇಬೇಕು. 24 ಮಿ.ಮೀ. ಲೆನ್ಸಿನಲ್ಲಿ ಎಡಬಲದ ತುದಿಯಲ್ಲಿ ನಿಂತವರ ಮುಖ ಸುಮಾರು ಕಾಲು ಭಾಗ ಅಗಲವಾಗಿ ಬರುತ್ತದೆ, ಮೂಲೆಯಲ್ಲಾದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಳೆದಂತೆ. ಇದು ಲೆನ್ಸಿನ ದೋಷವಲ್ಲ. ನೇರ ಗೆರೆಯನ್ನು ನೇರವಾಗಿಯೇ ಇಟ್ಟು ಅಷ್ಟು ಅಗಲದ ನೋಟವನ್ನು ಚಪ್ಪಟೆ ಸೆನ್ಸರಿನ ಮೇಲೆ ಹಾಸಿದರೆ ದುಂಡಗಿನದು ಹಿಗ್ಗಲೇಬೇಕು. ಎಷ್ಟು ಲಕ್ಷದ ಲೆನ್ಸಾದರೂ ಅಷ್ಟೇ. ಹಿಂದೆ ಸರಿದು 50 ಮಿ.ಮೀ.ನಲ್ಲಿ ತೆಗೆ. ಜಾಗವಿಲ್ಲದಿದ್ದರೆ ಸಾಲನ್ನು ಒತ್ತಿ ಎರಡು ಮೂರು ಸಾಲು ಮಾಡು, ಹಿರಿಯರನ್ನೂ ಹೆಣ್ಣುಮಕ್ಕಳನ್ನೂ ತುದಿಗೆ ನಿಲ್ಲಿಸಬೇಡ. ತುದಿಯಲ್ಲಿ ದಪ್ಪಗೆ ಬಂದ ಅಕ್ಕ ಆ ಫೋಟೋವನ್ನು ವರ್ಷಗಟ್ಟಲೆ ಮರೆಯುವುದಿಲ್ಲ.

ಗಣೇಶೋತ್ಸವಕ್ಕೆ ಮಾತ್ರ ಇಷ್ಟೆಲ್ಲ ಲೆಕ್ಕ ಬೇಡ. ಢೋಲು ತಾಶಾದ ಕೈ ನಿಲ್ಲಿಸಲು ಶಟರ್ ವೇಗ ಬೇಕು, ಬೆಳಕು ಅಲ್ಲಲ್ಲಿ ಮಾತ್ರ. ಎಫ್ 1.4ಕ್ಕೆ ತೆರೆದುಬಿಡು. ಮೂಲೆಯಲ್ಲಿರುವುದು ಹೆಚ್ಚಾಗಿ ಫೋಕಸಿಲ್ಲದ ಜನಜಂಗುಳಿ ಮತ್ತು ಕತ್ತಲೆ, ಅಲ್ಲಿ ಕೋಮಾ ಇದ್ದರೂ ಯಾರಿಗೂ ಕಾಣುವುದಿಲ್ಲ. ಮಂಟಪದ ಸಣ್ಣ ಸರದೀಪಗಳನ್ನು ಮಾತ್ರ ಮೂಲೆಗೆ ತರಬೇಡ. ಬಾದಾಮಿಯ ಗುಹೆಯೊಳಗೆ ಟ್ರೈಪಾಡ್ ಹಚ್ಚಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಅಲ್ಲೂ ಫಾಸ್ಟ್ ಲೆನ್ಸ್ ಉಪಯೋಗಕ್ಕೆ ಬರುತ್ತದೆ. ಆದರೆ ಅಲ್ಲಿ ಮೂಲೆಯಲ್ಲೂ ಕೆತ್ತನೆ ಇರುತ್ತದೆ. ಐಎಸ್‌ಒ ಏರಿಸು, ಎಫ್ 4ಕ್ಕೆ ಇಳಿಸು. ನಾಯ್ಸನ್ನು ಆಮೇಲೆ ತೆಗೆಯಬಹುದು, ಕರಗಿಹೋದ ಶಿಲ್ಪದ ಅಂಚನ್ನು ತರಲಾಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿನ್ನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಆಕಾಶವೇ ಆಗಿದ್ದರೆ ಎಫ್ 1.4 ಎಂಬ ಅಂಕೆಗಾಗಿ ಹಠ ಹಿಡಿಯಬೇಡ. ಪೂರ್ತಿ ತೆರೆದಾಗಲೂ ಮೂಲೆ ಚೊಕ್ಕಟ ಇರುವ 20 ಮಿ.ಮೀ. ಎಫ್ 1.8 ಸಿಕ್ಕರೆ ಅದು ಹಗುರ, ಅಗ್ಗ, ಬೆಟ್ಟ ಹತ್ತುವಾಗ ಬೆನ್ನಿಗೂ ಹಿತ. ಹಬ್ಬ, ಜಾತ್ರೆ, ಮನೆಮಂದಿ ಹೆಚ್ಚಾದರೆ 24ರ ಎಫ್ 1.4 ತಗೋ, ಆಕಾಶಕ್ಕೆ ಹೋದಾಗ ಎಫ್ 2ಕ್ಕೆ ಇಳಿಸು. ಮಳೆಗಾಲದಲ್ಲಿ ಇಲ್ಲಿ ಆಕಾಶವೇ ಕಾಣುವುದಿಲ್ಲ. ಆದ್ದರಿಂದ ಪರೀಕ್ಷೆ, ಖರೀದಿ ಎಲ್ಲ ಫೆಬ್ರವರಿಯೊಳಗೆ ಮುಗಿಸಿಕೊಂಡರೆ ಮಾರ್ಚಿನಿಂದ ಮೇವರೆಗಿನ ಅಮಾವಾಸ್ಯೆಗಳು ನಿನ್ನ ಕೈಯಲ್ಲಿರುತ್ತವೆ. ಟೇಕಡಿಯಲ್ಲಿ ತೆಗೆದ ರಾ ಫೈಲುಗಳನ್ನು ಅಳಿಸದೆ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಭಾನುವಾರ ಊಟಕ್ಕೆ ಬಾ. ಕಾಕು ಹೋಳಿಗೆ ಮಾಡುತ್ತಾಳಂತೆ. ಊಟವಾದ ಮೇಲೆ ನಾಲ್ಕೂ ಮೂಲೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ನಿನ್ನ ಕಾಕಾ
ಕೋಥರೂಡ, ಪುಣೆ